ಖಾತೆಗೆ ಪೂರ್ತಿ ಪಗಾರ ಜಮೆಯಾದರೂ ಮೋಸವಾಗಬಹುದು: ಬೇಳೆ ಮಿಲ್ಲುಗಳ ಕಾರ್ಮಿಕರಿಗೆ ಎಚ್ಚರಿಕೆ

ಕಲಬುರಗಿಯ ಬೇಳೆ ಮಿಲ್ಲುಗಳಲ್ಲಿ ಗುತ್ತಿಗೆದಾರರ ಕೈಕೆಳಗೆ ದುಡಿಯುವವರೆಲ್ಲರೂ ಇದನ್ನು ಓದಬೇಕೆಂದು ವಿನಂತಿಸುತ್ತೇನೆ. ನಾನು ಕೆಲಸ ಮಾಡುತ್ತಿದ್ದ ಮಿಲ್ಲಿನಲ್ಲಿ ಸರ್ಕಾರ ನಿಗದಿಪಡಿಸಿದ ಕನಿಷ್ಠ ವೇತನವು ತುಟ್ಟಿಭತ್ಯೆ ಸಮೇತ ಪ್ರತಿ ತಿಂಗಳೂ ನಮ್ಮ ಖಾತೆಗೆ ಜಮೆಯಾಗುತ್ತಿತ್ತು. ಆದರೆ ಮರುದಿನವೇ ಗುತ್ತಿಗೆದಾರನ ಮುನೀಮ ಬಂದು ಅದರಲ್ಲಿ ದೊಡ್ಡ ಪಾಲನ್ನು ನಗದಾಗಿ ವಾಪಸು ಪಡೆಯುತ್ತಿದ್ದ. ಕೊಡದವರಿಗೆ ಮುಂದಿನ ವಾರ ಕೆಲಸವಿರುತ್ತಿರಲಿಲ್ಲ.

ನಮ್ಮ ದೂರಿನ ಮೇಲೆ ಕಾರ್ಮಿಕ ನಿರೀಕ್ಷಕರು ತಪಾಸಣೆಗೆ ಬಂದಾಗ ವೇತನದ ವಹಿ, ಹಾಜರಿ ಪುಸ್ತಕ, ಬ್ಯಾಂಕಿನ ಪಟ್ಟಿ ಮೂರೂ ಒಂದಕ್ಕೊಂದು ತಾಳೆಯಾದವು, ಎಲ್ಲದರಲ್ಲೂ ನಮ್ಮದೇ ಸಹಿ ಮತ್ತು ಹೆಬ್ಬೆಟ್ಟು ಇದ್ದವು. ಮಾಲೀಕರ ಎದುರಿಗೇ ವಿಚಾರಿಸಿದ್ದರಿಂದ ಹೆಚ್ಚಿನವರು ಬಾಯಿ ಬಿಡಲಿಲ್ಲ. ಅವರನ್ನು ನಾನು ದೂರುವುದಿಲ್ಲ. ಕಾರ್ಮಿಕರನ್ನು ಪ್ರತ್ಯೇಕವಾಗಿ ಕರೆದು ಕೇಳದ ತಪಾಸಣೆಯಿಂದ ಇಂಥ ವಸೂಲಿ ಹೊರಬೀಳುವುದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಕೊನೆಗೆ ಬಾಕಿ ವೇತನ ಕೇಳುವ ಹಕ್ಕಿನ ಅರ್ಜಿಗೆ ಆಧಾರ ಸಿಕ್ಕಿದ್ದು, ನಗದಿಲ್ಲದ ಕಾರಣ ಮೊಬೈಲ್ ಮೂಲಕ ಮುನೀಮನ ಖಾತೆಗೆ ಹಣ ಕಳಿಸಿದ್ದ ಇಬ್ಬರು ಹೆಣ್ಣುಮಕ್ಕಳಿಗೆ ಮಾತ್ರ.

ಆಗ ಜಾರಿಯಲ್ಲಿದ್ದ 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ಬಾಕಿ ಕೇಳಲು ಆರು ತಿಂಗಳ ಗಡುವಿತ್ತು, ತಡವಾದರೆ ತಕ್ಕ ಕಾರಣ ತೋರಿಸಬೇಕಾಗಿತ್ತು. 2019ರ ವೇತನ ಸಂಹಿತೆಯು ಈ ಅವಧಿಯನ್ನು ಮೂರು ವರ್ಷಕ್ಕೆ ಏರಿಸಿದೆ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಲು ಅವಕಾಶವಿದೆ, ವೇತನ ಕೊಟ್ಟಿದ್ದೇನೆಂದು ಸಾಬೀತುಪಡಿಸುವ ಹೊಣೆಯೂ ಮಾಲೀಕರದ್ದೇ. ಆದರೆ ನಮ್ಮ ಸಹಿಯಿರುವ ವಹಿಯೇ ಅವರಿಗೆ ಆ ಪುರಾವೆಯಾಗಿ ಒದಗುತ್ತದೆ ಎಂಬುದನ್ನು ಮರೆಯಬಾರದು.

ಆದ್ದರಿಂದ ಮೊತ್ತ ಬರೆಯದ ವೋಚರಿಗೆ ಸಹಿ ಹಾಕಬೇಡಿ, ಎಟಿಎಂ ಕಾರ್ಡನ್ನು ಯಾರ ಕೈಗೂ ಕೊಡಬೇಡಿ. ವಾಪಸು ಕೊಡಲೇಬೇಕಾದ ಒತ್ತಡ ಬಂದರೆ ಮೊಬೈಲ್ ಮೂಲಕವೇ ಕಳಿಸಿ, ಆ ದಾಖಲೆಯನ್ನು ಅಳಿಸದೆ ಇಟ್ಟುಕೊಳ್ಳಿ. ದುಡಿದ ದಿನ, ಹೆಚ್ಚುವರಿ ತಾಸು, ಕೊಟ್ಟ ಹಣವನ್ನು ಆಯಾ ದಿನವೇ ಬರೆದಿಡಿ. ಕಡಿಮೆ ಕೂಲಿಗೆ ಒಪ್ಪಿದ್ದೀರೆಂದು ಕರಾರುಪತ್ರ ತೋರಿಸಿ ಹೆದರಿಸಿದರೆ ಅಂಜಬೇಡಿ, ಕನಿಷ್ಠ ವೇತನದ ಹಕ್ಕನ್ನು ಬಿಟ್ಟುಕೊಡುವ ಕರಾರಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ದೂರನ್ನು ಬಾಯಿಮಾತಿನಲ್ಲಿ ಹೇಳಿ ಬರದೆ, ಬರಹದಲ್ಲಿ ಕೊಟ್ಟು ಕಾರ್ಮಿಕ ಇಲಾಖೆಯ ಕಚೇರಿಯ ಮುದ್ರೆಯಿರುವ ಸ್ವೀಕೃತಿ ಪ್ರತಿಯನ್ನು ಅಂದೇ ಪಡೆದುಕೊಳ್ಳಿ.