ಜರ್ಮನ್ ಕಲಿಯೋಕೆ ದುಡ್ಡು ಕೊಟ್ಟ ಆ್ಯಪಾ, ಡಾಯ್ಚೆ ವೆಲ್ಲೆ ಫ್ರೀ ಕೋರ್ಸಾ?

ಮೊದಲೇ ಹೇಳ್ಬಿಡ್ತೀನಿ, ನನ್ನ ವೋಟು ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚೆ ವೆಲ್ಲೆದ 'ನಿಕೋಸ್ ವೇಗ್' ಅನ್ನೋ ವಿಡಿಯೋ ಕೋರ್ಸಿಗೇ. ಮ್ಯೂನಿಕ್‌ನಲ್ಲಿರೋ ತಂಗಿ ಮನೆಗೆ ಮೂರು ವಾರ ಹೋಗೋದು ಅಂತಾದಾಗ ವರ್ಷದ ದುಡ್ಡು ಕಟ್ಟಿ ಒಂದು ಆ್ಯಪ್ ತಗೊಂಡೆ, ನಾಲ್ಕು ತಿಂಗಳು ಒಂದು ದಿನಾನೂ ಬಿಡದೆ ಮಾಡ್ದೆ. ಸೇಬು ತಿಂತೀನಿ, ಹುಡುಗ ನೀರು ಕುಡೀತಾನೆ, ಎಲ್ಲ ಬಾಯಿಗೆ ಬಂತು. ಟೈಮ್ ಹೇಳೋ ಪಾಠ ಮಾತ್ರ ಎಷ್ಟೋ ಮುಂದೆ ಇತ್ತು, ನಾನು ಅಲ್ಲಿಗೆ ಮುಟ್ಟೋ ಹೊತ್ತಿಗೆ ಹೊರಡೋ ದಿನ ಬಂದಿತ್ತು.

ಎಡವಟ್ಟಾಗಿದ್ದು ಅಲ್ಲೇ. ನೊಯ್‌ಶ್ವಾನ್‌ಸ್ಟೈನ್ ಕೋಟೆ ನೋಡೋಕೆ ಅಮ್ಮನ್ನ ಕರ್ಕೊಂಡು ಫ್ಯೂಸೆನ್‌ನಲ್ಲಿ ಒಂದು ರಾತ್ರಿ ಉಳಿಯೋ ಪ್ಲಾನು. ರೂಮ್ ಕೊಟ್ಟಿದ್ದ ಅಜ್ಜಿಗೆ ಫೋನ್ ಮಾಡಿ ಯಾವಾಗ ಬರ್ಬೇಕು ಅಂತ ಜರ್ಮನ್ನಲ್ಲೇ ಕೇಳ್ದೆ, ಅವ್ರು 'ಹಲ್ಪ್ ಡ್ರೈ' ಅಂದ್ರು. ಹಲ್ಪ್ ಅಂದ್ರೆ ಅರ್ಧ, ಡ್ರೈ ಅಂದ್ರೆ ಮೂರು, ಹಂಗಾದ್ರೆ ಮೂರೂವರೆ ಅಂದ್ಕೊಂಡು ಆರಾಮಾಗಿ ಊಟ ಮುಗಿಸಿ ಹೋದ್ವಿ. ಅದು ಎರಡೂವರೆ! ನಾವು ಎರಡು ಮುಗಿದು ಮೇಲೆ ಅರ್ಧ ಅಂತೀವಿ, ಅವ್ರು ಮೂರರ ಕಡೆಗೆ ಅರ್ಧ ದಾರಿ ಅಂತ ಎಣಿಸ್ತಾರೆ. ಅಜ್ಜಿ ಕಾದು ಕಾದು ಹೊರಟುಹೋಗಿದ್ರು, ಅವ್ರು ವಾಪಸ್ ಬರೋವರೆಗೂ ಮಂಡಿನೋವಿರೋ ಅಮ್ಮನ್ನ ಮಳೇಲಿ ಬಾಗಿಲ ಮುಂದೆ ನಿಲ್ಲಿಸ್ಕೊಂಡು ಒಂದೂಕಾಲು ಗಂಟೆ ಕಾದೆ, ಅವತ್ತು ಆದ ಸಂಕಟ ಇನ್ನೂ ಮರೆತಿಲ್ಲ.

ನಂಬರ್ದೂ ಇದೇ ತೊಂದ್ರೆ. 45ಕ್ಕೆ ಅವ್ರು 'ಐದು ಮತ್ತು ನಲವತ್ತು' ಅನ್ನೋ ಥರ ಹೇಳ್ತಾರೆ, ಬೇಕರೀಲಿ ನಾನು 54 ಸೆಂಟ್ ಎಣಿಸಿ ಇಡ್ತಿದ್ದೆ.

ಮ್ಯೂನಿಕ್‌ಗೆ ವಾಪಸ್ ಬಂದ್ಮೇಲೆ ತಂಗಿ ನಿಕೋಸ್ ವೇಗ್ ಹಾಕ್ಕೊಟ್ಲು. ನಿಕೋ ಅನ್ನೋ ಹುಡುಗ ಜರ್ಮನಿಗೆ ಬಂದು ಬ್ಯಾಗ್ ಕಳ್ಕೊಳ್ತಾನೆ, ಅಲ್ಲಿಂದ ಕಥೆ ಶುರು, ಎ1 ಅನ್ನೋ ಮೊದಲ ಹಂತದಿಂದ ಬಿ1 ಅನ್ನೋ ಮಧ್ಯದ ಹಂತದವರೆಗೂ ಪೂರ್ತಿ ಫ್ರೀ. ಆ್ಯಪ್ ನಂಗೆ ಪ್ರಶ್ನೆ ಕೇಳೋಕೆ ಕಲಿಸ್ತು, ಇದ್ರಲ್ಲಿ ಜನ ಒಬ್ರಿಗೊಬ್ರು ಉತ್ತರ ಕೊಡೋದನ್ನ ಕೇಳಿ ಕೇಳಿ ಕಿವಿ ಪಳಗ್ತು, ಬೇರೆ ಊರಲ್ಲಿ ಬೇಕಾಗಿರೋದು ಅದೇ ಅಲ್ವಾ. ಹತ್ತು ದಿನ ರಾತ್ರಿ ಪಾತ್ರೆ ತೊಳೆದಾದ್ಮೇಲೆ ಅರ್ಧರ್ಧ ಗಂಟೆ ನೋಡಿದ್ದಕ್ಕೇ ಹೋಟೆಲಲ್ಲಿ 'ತ್ಸುಝಾಮೆನ್ ಓಡರ್ ಗೆಟ್ರೆಂಟ್' ಅಂದಾಗ ಬಿಲ್ ಒಟ್ಟಿಗೋ ಬೇರೆಬೇರೇನೋ ಅಂತ ಕೇಳ್ತಿದಾರೆ ಅಂತ ಗೊತ್ತಾಯ್ತು. ಆದ್ರೆ ವಿವರಣೆ ಕನ್ನಡದಲ್ಲಿಲ್ಲ, ಇಂಗ್ಲಿಷ್ ಓದೋಕೆ ಬರ್ಬೇಕು.

ಆ್ಯಪ್‌ನಲ್ಲಿ ಪದಗಳು ಚೆನ್ನಾಗಿ ನೆನಪಲ್ಲಿ ನಿಲ್ತವೆ, ಅದು ನಿಜ.

ಪುಟ್ಟ ಫ್ರೇಸ್‌ಬುಕ್ ಮೆನು ಓದೋಕಷ್ಟೇ. ಸಸ್ಯಾಹಾರಿಗಳು 'ಓನೆ ಫ್ಲೈಶ್' (ಮಾಂಸ ಬೇಡ) ಜೊತೆ 'ಓನೆ ಶ್ಪೆಕ್' (ಬೇಕನ್ ಬೇಡ) ಅಂತಾನೂ ಹೇಳಿ, ಹುರಿದ ಆಲೂಗಡ್ಡೇಲೂ ಎಷ್ಟೋ ಕಡೆ ಹಂದಿಮಾಂಸದ ಚೂರು ಇರುತ್ತೆ.

ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದ ಜರ್ಮನ್ ಕ್ಲಾಸು ಜರ್ಮನಿಗೆ ಓದೋಕೆ, ಕೆಲಸಕ್ಕೆ ಹೋಗೋರಿಗೆ ಸರಿ, ನನ್ನಂಥ ಮೂರು ವಾರದೋರಿಗೆ ಅಷ್ಟು ಬೇಡ.

ಆ್ಯಪ್‌ದು ಆಟೋ ರಿನ್ಯೂವಲ್ ತೆಗೆದೆ. ನಿಮ್ಗೂ ಹೋಗೋಕೆ ಒಂದು ತಿಂಗಳಷ್ಟೇ ಇದ್ರೆ ಸೇಬು ಬಿಟ್ಟು ಗಂಟೆ, ನಂಬರ್ ಪಾಠದಿಂದ ಶುರು ಮಾಡಿ.