ಜೀಸ್ ಬೆಂಡ್ ಕೌದಿ ತರಿಸ್ಕೊಂಡೆ, ದುಡ್ಡು ಜಾಸ್ತಿನೇ ಆದ್ರೂ…

ಅಮೆರಿಕದ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಅನ್ನೋ ಊರಿನ ಕಪ್ಪು ಹೆಂಗಸ್ರು ಹೊಲಿಯೋ ಕ್ವಿಲ್ಟ್, ನಮ್ಮ ಕಡೆ ಕೌದಿ ಅಂತೀವಲ್ಲ ಅದೇ ಜಾತಿ, ಗೋಡೆಗೆ ಹಾಕೋ ಸೈಜಿನ ಒಂದನ್ನ ಎಟ್ಸಿ ಅನ್ನೋ ಆನ್‌ಲೈನ್ ಮಾರುಕಟ್ಟೇಲಿ ತರಿಸ್ಕೊಂಡೆ. 2021ರಿಂದ ಅವ್ರದೇ ಅಂಗಡಿಗಳು ಅಲ್ಲಿವೆ, ಹೊಲಿದವ್ರ ಹತ್ರನೇ ನೇರ ತಗೋಬಹುದು.

ನಂದು ಹೌಸ್‌ಟಾಪ್ ಡಿಸೈನು, ಚೌಕದ ಸುತ್ತ ಚೌಕ ಹೋಗ್ತಾ ಇರುತ್ತೆ, ಹಳೇ ಜೀನ್ಸ್ ಬಟ್ಟೆ ಮಧ್ಯೆ ಒಂದೇ ಒಂದು ಕೆಂಪು ಪಟ್ಟಿ, ಅದೂ ನಡುವಲ್ಲಿಲ್ಲ, ಬೇಕಂತಲೇ ಪಕ್ಕಕ್ಕೆ ಸರಿಸಿದಾರೆ. ಗೆರೆ ಸೊಟ್ಟ ಅಂತ ಒಂದು ಸ್ಟಾರ್ ಕಟ್ ಮಾಡೋರಿಗೆ ಇದು ಬೇಡ ಬಿಡಿ, ಮೆಷಿನ್ ಕ್ವಿಲ್ಟ್ ಬೇಕಾದಷ್ಟು ಸಿಗ್ತವೆ. ಅಳತೆಪಟ್ಟಿ ಹಿಡಿದು ಮಾಡಿದ್ದಲ್ಲ ಇದು, ಅಮ್ಮ ಅಜ್ಜಿ ಹೊಲಿಯೋದು ನೋಡಿ ಕಲ್ತು ಆಮೇಲೆ ತಮ್ಮ ಮನಸಿಗೆ ಬಂದಂಗೆ ತಿರುಗಿಸ್ಕೊಂಡಿರೋದು.

ಈ ಊರು ಮೊದ್ಲು ಹತ್ತಿ ತೋಟ, ಇವ್ರ ಹಿರೀಕರು ಅಲ್ಲಿ ಗುಲಾಮರು, ಒಡೆಯನ ಹೆಸರು ಪೆಟ್‌ವೇ, ಇವತ್ತಿಗೂ ಊರಲ್ಲಿ ಎಷ್ಟೋ ಮನೆಗೆ ಅದೇ ಅಡ್ಡಹೆಸರು. 1942ರಲ್ಲಿ ಮಿಸೌರಿ ಪೆಟ್‌ವೇ ಅನ್ನೋ ಹೆಂಗಸು ಗಂಡ ತೀರ್ಕೊಂಡ ಮೇಲೆ ಅವ್ನು ಹೊಲಕ್ಕೆ ಹಾಕ್ಕೊಂಡು ಹೋಗ್ತಿದ್ದ ಪ್ಯಾಂಟು ಶರ್ಟು ಕತ್ತರಿಸಿ ಕೌದಿ ಮಾಡಿದ್ಲು, ಫೋಟೋ ನೋಡಿದ್ರೆ ಮಾಸಿದ ನೀಲಿ, ಬೂದು, ಮಂಡಿ ಹತ್ರ ಸವೆದ ಗುರುತು ಎಲ್ಲಾ ಹಂಗೇ ಕಾಣುತ್ತೆ. 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಇವ್ರ ಕೌದಿಗಳನ್ನ ಗೋಡೆ ಮೇಲೆ ಹಾಕ್ತು, 2006ರಲ್ಲಿ ಅಂಚೆಚೀಟಿನೂ ಬಂತು. ಅದಕ್ಕೂ ಮುಂಚೆ ಚಳಿಗೆ ಹೊದ್ಕೊಳ್ತಿದ್ದವೇ ಇವು.

ಮೈನಸ್ಸು ಅಂದ್ರೆ ರೇಟು, ಚಿಕ್ಕದಕ್ಕೇ ನೂರಾರು ಡಾಲರ್, ಹಾಸಿಗೆ ಸೈಜಿಗೆ ಸಾವಿರಗಟ್ಲೆ. ವಾಷಿಂಗ್ ಮೆಷಿನ್‌ಗೆ ಹಾಕೋ ಧೈರ್ಯ ನನಗಂತೂ ಇಲ್ಲ. ಒಳಗಿನ ಹತ್ತಿ ತೆಳು, ಬೆಚ್ಚಗಿರಲಿ ಅಂತ ತಗೊಳೋದಾದ್ರೆ ಕಂಬಳಿನೇ ವಾಸಿ.

ನಮ್ಮ ಕರ್ನಾಟಕದಲ್ಲಿರೋರು ಇಷ್ಟು ಡಾಲರ್ ಸುರಿಯೋ ಬದ್ಲು ಹಳಿಯಾಳ, ಯಲ್ಲಾಪುರ ಕಡೆ ಸಿದ್ಧಿ ಹೆಂಗಸ್ರ ಕೌದಿ ಕೇಳಿ ನೋಡಿ. ಅವ್ರ ಹಿರೀಕರೂ ಆಫ್ರಿಕಾದಿಂದ ಬಂದೋರೇ, ಹಳೇ ಸೀರೆ ತುಂಡುಗಳನ್ನ ಅಂಚಿಂದ ಶುರು ಮಾಡಿ ಸುತ್ತ ಹೊಲಿತಾ ನಡುವಿಗೆ ಬರ್ತಾರೆ, ಮೂಲೆಗೆ ಬಟ್ಟೆ ಮಡಚಿ ಹೂವು ಇಡ್ತಾರೆ. ಜೀಸ್ ಬೆಂಡಿಂದೇ ಬೇಕು ಅನ್ನೋರು ಕಾರ್ಡುರಾಯ್ (ಉಬ್ಬು ಗೆರೆ ಇರೋ ದಪ್ಪ ಮೆತ್ತನೆ ಬಟ್ಟೆ) ಇರೋ ಪೀಸು ಹುಡುಕಿ, 70ರ ದಶಕದಲ್ಲಿ ಸಿಯರ್ಸ್ ಕಂಪನಿಗೆ ದಿಂಬಿನ ಕವರ್ ಹೊಲಿದಾಗ ಉಳಿದ ತುಂಡಲ್ಲಿ ಶುರುವಾದ ಗೀಳು ಅದು, ಮುಟ್ಟೋಕೂ ಚೆನ್ನಾಗಿರುತ್ತೆ. ನಾಲ್ಕೂವರೆ ಸ್ಟಾರ್, ರೇಟು ಜಾಸ್ತಿ ಅಂತ ಅರ್ಧ ಸ್ಟಾರ್ ಕಟ್.