ಕೀಬೋರ್ಡ್ ಮುಂದೆ ಒಂದು ತೇಗದ ತುಂಡು

ದಿನಾ ಏಳೆಂಟು ಗಂಟೆ ‘ನುಡಿ’ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುತ್ತೇನೆ. ಒತ್ತಕ್ಷರ ಬಂದಾಗಲೆಲ್ಲ ಎಫ್ ಕೀ ಒತ್ತಬೇಕು, ಬೆರಳಿಗೆ ಕೆಲಸ ಜಾಸ್ತಿ. 87 ಕೀಗಳ ಮೆಕ್ಯಾನಿಕಲ್ ಕೀಬೋರ್ಡ್ (ಪ್ರತಿ ಕೀಗೂ ಅದರದೇ ಸ್ಪ್ರಿಂಗ್ ಸ್ವಿಚ್ ಇರುವಂಥದ್ದು) ಕೊಂಡ ಮೇಲೆ ಬೆರಳಿಗೆ ಹಿತವಾಯಿತು. ಆದರೆ ಅದು ಎತ್ತರ. ಕೈ ಮೇಲಕ್ಕೆ ಬಾಗಿ, ಸಂಜೆ ಹೊತ್ತಿಗೆ ಮಣಿಕಟ್ಟು ನೋಯುತ್ತಿತ್ತು.

ಕೀಬೋರ್ಡ್ ಮುಂದೆ ಕೈ ಊರಲೆಂದು ಮೊದಲು ತಂದ ಮೆತ್ತನೆಯ ಜೆಲ್ ಪ್ಯಾಡ್ ಬೇಸಿಗೆಯಲ್ಲಿ ಬೆವರಿಗೆ ಅಂಟುತ್ತಿತ್ತು. ವರ್ಷದೊಳಗೆ ಅಂಚು ಕಿತ್ತುಬಂತು. ಆಮೇಲೆ ಈ ತೇಗದ ರಿಸ್ಟ್ ರೆಸ್ಟ್, ಅಂದರೆ ಕೈ ಊರುವ ಪಟ್ಟಿ, ತರಿಸಿದೆ. ಉದ್ದ 36 ಸೆಂ.ಮೀ., ಅಗಲ 8. ಕೀಬೋರ್ಡ್ ಕಡೆ 2 ಸೆಂ.ಮೀ. ಎತ್ತರವಿದ್ದು ನಮ್ಮ ಕಡೆಗೆ ಇಳಿಜಾರು. ಅಂಚನ್ನು ಎಷ್ಟು ಚೆನ್ನಾಗಿ ಉಜ್ಜಿ ದುಂಡಗೆ ಮಾಡಿದ್ದಾರೆಂದರೆ, ಚರ್ಮಕ್ಕೆ ಒತ್ತುವುದೇ ಇಲ್ಲ. ಮರ ಗಟ್ಟಿ ಅಲ್ವಾ, ನೋಯಬಹುದು ಅಂದುಕೊಂಡಿದ್ದೆ. ಎರಡು ವಾರದಲ್ಲಿ ಒಗ್ಗಿಹೋಯಿತು. ಬೆವರಿದರೂ ಅಂಟುವುದಿಲ್ಲ, ಬಟ್ಟೆಯಲ್ಲಿ ಒರೆಸಿದರೆ ಸಾಕು.

ಮಣಿಕಟ್ಟನ್ನು ಮಾತ್ರ ಅದರ ಮೇಲೆ ಊರಬೇಡಿ, ಒಳಗೆ ನರ ಹಾದುಹೋಗುತ್ತದೆ. ಅಂಗೈ ಬುಡ ಇಡಿ, ಅದೂ ಟೈಪಿಂಗ್ ನಿಲ್ಲಿಸಿದಾಗ.

ಅಡಿಯ ರಬ್ಬರ್ ಬೊಟ್ಟು ಒಂದು ಉದುರಿತು. ಹಳೇ ಸೈಕಲ್ ಟ್ಯೂಬಿನ ಚೂರು ಅಂಟಿಸಿದೆ, ಈಗ ಕದಲುವುದಿಲ್ಲ. ಕಳೆದ ಭಾನುವಾರ ನಾಲ್ಕು ಹನಿ ಅಗಸೆ ಎಣ್ಣೆ ತಿಕ್ಕಿದೆ. ಅಂಗೈ ಕೂರುವ ಎರಡು ಜಾಗ ಆಗಲೇ ಜೇನುಬಣ್ಣಕ್ಕೆ ತಿರುಗಿವೆ.